ಕಾದಂಬರಿಕಾರನು ಕಥೆಯನ್ನು ಕಟ್ಟುವ ಬಗೆ

(ನಮ್ಮ ಶಾಲೆಯ ಸಾಹಿತ್ಯ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣದ ಬರಹರೂಪ)



ಒಂದು ಒಳ್ಳೆಯ ಕಾದಂಬರಿಯನ್ನು ಓದಿ ಮುಗಿಸಿದ ವಿದ್ಯಾರ್ಥಿಗಳು ಉಪಾಧ್ಯಾಯರ ಬಳಿಗೆ ಬಂದು ಕೇಳುವ ಪ್ರಶ್ನೆಯೊಂದುಂಟು: "ಇದನ್ನು ಬರೆದವರಿಗೆ ಕಥೆಯ ಕೊನೆಯು ಮೊದಲೇ ತಿಳಿದಿತ್ತೆ? ಅಥವಾ ಬರೆಯುತ್ತ ಬರೆಯುತ್ತ ಹೊಳೆಯಿತೆ?" ಕೇಳುವುದಕ್ಕೆ ಸಣ್ಣ ಪ್ರಶ್ನೆ, ಉತ್ತರಿಸುವುದಕ್ಕೆ ಸಣ್ಣದಲ್ಲ. ಜನರಲ್ಲಿ ಈ ವಿಷಯವಾಗಿ ಎರಡು ಬಗೆಯ ನಂಬಿಕೆಗಳಿವೆ. ಸರಸ್ವತಿಯು ನಾಲಗೆಯ ಮೇಲೆ ಬಂದು ನಿಂತರೆ ಲೇಖನಿಯು ತಾನಾಗಿ ಓಡುತ್ತದೆ, ಯೋಜನೆಯ ಮಾತೇ ಅಲ್ಲಿ ಸಲ್ಲದು ಎಂಬುದು ಒಂದು. ಬಡಗಿಯು ಮರವನ್ನು ಅಳೆದು ಗುರುತುಹಾಕಿ ಕೊಯ್ಯುವಂತೆ ಲೇಖಕನು ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಂಡು ಬರೆಯುತ್ತಾನೆ ಎಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯವುಂಟು; ಪೂರ್ಣ ಸತ್ಯವು ಎರಡರಲ್ಲಿಯೂ ಇಲ್ಲ. ಆದುದರಿಂದ ಊಹೆಯನ್ನು ಬಿಟ್ಟು, ದೊಡ್ಡ ಕಾದಂಬರಿಕಾರರು ನಿಜವಾಗಿ ಏನು ಮಾಡಿದರೆಂಬುದನ್ನು ಈ ಹೊತ್ತು ಸ್ವಲ್ಪ ನೋಡೋಣ.

ಮೊದಲು ಎರಡು ಮಾತುಗಳ ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 'ಕಥೆ' ಎಂಬುದು ಒಂದು. 'ಸಂವಿಧಾನ' ಎಂಬುದು ಮತ್ತೊಂದು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರನು ೧೯೨೭ರಲ್ಲಿ ಕೇಂಬ್ರಿಜ್ಜಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ಭೇದವನ್ನು ಬಿಡಿಸಿ ಹೇಳಿದ್ದಾನೆ. ನಮ್ಮ ಊರಿನ ಉದಾಹರಣೆಯಿಂದಲೇ ಅದನ್ನು ತಿಳಿಯೋಣ. "ಹೊಳೆಯಲ್ಲಿ ನೆರೆ ಬಂತು. ಬಳಿಕ ದೋಣಿಯವನು ಊರು ಬಿಟ್ಟನು." ಇದು ಕಥೆ. ಒಂದಾದ ಮೇಲೆ ಒಂದು ನಡೆದ ಎರಡು ಸಂಗತಿಗಳು. ಇನ್ನು ಇದನ್ನು ಕೇಳಿ: "ನೆರೆಯ ರಾತ್ರಿ ಆಚೆಯ ದಡದಿಂದ ಕರೆದವರ ಕೂಗು ಕೇಳಿಯೂ ಕೇಳದಂತೆ ಮಲಗಿದ್ದ ದೋಣಿಯವನು, ನೀರು ಇಳಿದ ಮೇಲೆ ಊರವರ ಮುಖವನ್ನು ನೋಡಲಾರದೆ ಊರು ಬಿಟ್ಟನು." ಇದು ಸಂವಿಧಾನ. ಸಂಗತಿಗಳು ಅವೇ ಎರಡು. ಆದರೆ ಅವುಗಳ ನಡುವೆ ಒಂದು ಸೇತುವೆ ಬಿದ್ದಿದೆ. ಆ ಸೇತುವೆಯ ಹೆಸರು 'ಏಕೆ'. ಕಥೆಯನ್ನು ಕೇಳುವವನು "ಮುಂದೇನಾಯಿತು?" ಎನ್ನುತ್ತಾನೆ, ಸಂವಿಧಾನವನ್ನು ಕಟ್ಟುವವನು "ಹಾಗೇಕಾಯಿತು?" ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಕಾದಂಬರಿಕಾರನ ಯೋಜನೆಯೆಂದರೆ ಮುಖ್ಯವಾಗಿ ಈ 'ಏಕೆ'ಯ ಹುಡುಕಾಟ. ನಾನು ಈ ದಿನ ಹೇಳಬೇಕೆಂದಿರುವ ಮಾತು ಇದೊಂದೇ. ಉಳಿದುದೆಲ್ಲ ಅದಕ್ಕೆ ನಿದರ್ಶನ.

ಯೋಜನೆಯನ್ನು ಕಾಗದದ ಮೇಲೆಯೇ ಮಾಡಿದವರಲ್ಲಿ ಚಾರ್ಲ್ಸ್ ಡಿಕನ್ಸನು ಪ್ರಸಿದ್ಧನು. ಅವನ ಹೆಚ್ಚಿನ ದೊಡ್ಡ ಕಾದಂಬರಿಗಳು ಒಂದೇ ಪುಸ್ತಕವಾಗಿ ಮೊದಲು ಹೊರಬಂದವುಗಳಲ್ಲ. ತಿಂಗಳಿಗೊಂದು ಕಂತು, ಕಂತಿಗೆ ೩೨ ಪುಟ, ಬೆಲೆ ಒಂದು ಶಿಲಿಂಗು. ಹೀಗೆ ೧೯ ತಿಂಗಳಲ್ಲಿ ೨೦ ಕಂತುಗಳಾಗಿ ಅವು ಪ್ರಕಟವಾಗುತ್ತಿದ್ದವು. ಮೊದಲ ಕಂತುಗಳನ್ನು ಜನರು ಓದುತ್ತಿರುವಾಗ ಕೊನೆಯ ಕಂತುಗಳನ್ನು ಅವನಿನ್ನೂ ಬರೆದಿರುತ್ತಿರಲಿಲ್ಲ. ಅಚ್ಚಾಗಿ ಮನೆಮನೆಗೆ ಹೋದ ಅಧ್ಯಾಯವನ್ನು ಮರಳಿ ತಿದ್ದುವಂತಿಲ್ಲವಷ್ಟೆ. ೧೮೩೬ರಲ್ಲಿ 'ಪಿಕ್‌ವಿಕ್' ಕಥೆಯನ್ನು ಆರಂಭಿಸಿದಾಗ ಅವನು ಬಹುಮಟ್ಟಿಗೆ ತೋಚಿದಂತೆ ಬರೆದನು. ಹತ್ತು ವರ್ಷಗಳ ಬಳಿಕ, ೧೮೪೬ರಲ್ಲಿ, 'ಡಾಂಬಿ ಮತ್ತು ಮಗ' ಎಂಬ ಕಾದಂಬರಿಯ ಕಾಲಕ್ಕೆ, ಅವನ ಕ್ರಮವು ಬೇರೆಯಾಗಿತ್ತು. ಒಂದೊಂದು ಕಂತಿಗೂ ಅವನು ಒಂದು ಹಾಳೆಯನ್ನು ತೆಗೆದುಕೊಂಡು, ಅದನ್ನು ಎರಡು ಭಾಗ ಮಾಡುತ್ತಿದ್ದನು. ಬಲಭಾಗದಲ್ಲಿ ಅಧ್ಯಾಯಗಳ ಹೆಸರು ಮತ್ತು ಅವುಗಳಲ್ಲಿ ಬರುವ ಸಂಗತಿಗಳು. ಎಡಭಾಗದಲ್ಲಿಯಾದರೋ ತನಗೆ ತಾನೇ ಬರೆದುಕೊಂಡ ಸೂಚನೆಗಳು, ಪ್ರಶ್ನೆಗಳು: ಈ ಪಾತ್ರವನ್ನು ಈ ತಿಂಗಳು ತರಬೇಕೆ, ಆ ಗುಟ್ಟನ್ನು ಈಗಲೇ ಬಿಚ್ಚಬೇಕೆ ಎಂಬಂಥವು. ಅವುಗಳ ಮುಂದೆ ಹೌದು, ಅಲ್ಲ, ಇನ್ನೂ ಸಮಯವಾಗಿಲ್ಲ ಎಂಬರ್ಥದ ಚುಟುಕು ಉತ್ತರಗಳು. ವಿದ್ಯಾರ್ಥಿಗಳೆ, ಗಮನಿಸಿರಿ: ಜಗತ್ತೇ ಕೊಂಡಾಡುತ್ತಿದ್ದ ಲೇಖಕನು ತನಗೆ ತಾನೇ ಪ್ರಶ್ನೆಪತ್ರಿಕೆಯನ್ನು ಬರೆದು, ತಾನೇ ಉತ್ತರವನ್ನು ಬರೆಯುತ್ತಿದ್ದನು!

ಆದರೆ ಈ ಯೋಜನೆಯು ಅವನಿಗೆ ಸಂಕೋಲೆಯಾಗಿರಲಿಲ್ಲ. 'ಡೇವಿಡ್ ಕಾಪರ್‌ಫೀಲ್ಡ್' ಕಂತುಕಂತಾಗಿ ಬರುತ್ತಿದ್ದಾಗ, ೧೮೪೯ರ ಕೊನೆಯಲ್ಲಿ, ಮಿಸ್ ಮೌಚರ್ ಎಂಬ ಬಹಳ ಕುಳ್ಳಾದ ಹೆಂಗಸಿನ ಪಾತ್ರವು ಅದರಲ್ಲಿ ಕಾಣಿಸಿಕೊಂಡಿತು. ಲಂಡನ್ನಿನಲ್ಲಿ ಅಂಥದೇ ಅಂಗರಚನೆಯುಳ್ಳ ಹೆಂಗಸೊಬ್ಬಳು ಅದು ತನ್ನ ಚಿತ್ರವೇ ಎಂದು ಗುರುತಿಸಿ, ತನ್ನ ದೇಹದ ಕೊರತೆಯನ್ನು ನಗೆಗೀಡು ಮಾಡಿದಿರೆಂದು ಬಹು ನೊಂದು ಡಿಕನ್ಸನಿಗೆ ಬರೆದಳು. ಅವನು ಆ ಪಾತ್ರಕ್ಕೆಂದು ಇಟ್ಟುಕೊಂಡಿದ್ದ ಉದ್ದೇಶವನ್ನೇ ಬದಲಾಯಿಸಿದನು. ಮುಂದಿನ ಕಂತುಗಳಲ್ಲಿ ಮಿಸ್ ಮೌಚರಳು ಒಳ್ಳೆಯ ಮನಸ್ಸಿನವಳಾಗಿ, ಕೊನೆಗೆ ಒಬ್ಬ ದುಷ್ಟನನ್ನು ಹಿಡಿದುಕೊಡುವ ಧೈರ್ಯವಂತೆಯಾಗಿ ಕಾಣಿಸಿಕೊಳ್ಳುತ್ತಾಳೆ. ನಕ್ಷೆಗಿಂತ ಮನುಷ್ಯನು ದೊಡ್ಡವನೆಂಬುದನ್ನು ಅವನು ಮರೆಯಲಿಲ್ಲ. ೧೮೭೦ರ ಜೂನ್ ೯ರಂದು ಅವನು ತೀರಿಕೊಂಡಾಗ, ಹನ್ನೆರಡು ಕಂತುಗಳಿಗೆಂದು ಯೋಚಿಸಿದ್ದ 'ಎಡ್ವಿನ್ ಡ್ರೂಡ್' ಕಾದಂಬರಿಯ ಆರು ಕಂತುಗಳಷ್ಟೇ ಸಿದ್ಧವಾಗಿದ್ದವು. ಮುಂದಿನ ಗುಟ್ಟನ್ನು ತಿಳಿಸುವ ಹಾಳೆಯನ್ನು ಅವನು ಬಿಟ್ಟುಹೋಗಲಿಲ್ಲ. ಅದರ ಕೊನೆಯೇನೆಂದು ಓದುಗರು ಇಂದಿಗೂ ವಾದಿಸುತ್ತಲೇ ಇದ್ದಾರೆ.

ಡಿಕನ್ಸನ ಕಾಲದವನೇ ಆದ ಆಂಟನಿ ಟ್ರಾಲಪ್ಪನ ದಾರಿ ಬೇರೆ. ಅವನು ಅಂಚೆ ಇಲಾಖೆಯ ಅಧಿಕಾರಿ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲುಗಂಟೆಗೆ ೨೫೦ ಶಬ್ದಗಳಂತೆ ಬರೆದು, ಆಮೇಲೆ ಕಚೇರಿಯ ಕೆಲಸಕ್ಕೆ ಹೋಗುವನು. ಹೀಗೆ ಅವನು ೪೭ ಕಾದಂಬರಿಗಳನ್ನು ಬರೆದನು. ಇಷ್ಟು ಶಿಸ್ತಿನ ಮನುಷ್ಯನು ಕಥೆಯ ನಕ್ಷೆಯನ್ನೂ ಹೀಗೆಯೇ ಅಳೆದು ಬರೆದಿಟ್ಟುಕೊಂಡಿದ್ದನೆಂದು ನೀವು ಭಾವಿಸಬಹುದು. ಆದರೆ, ೧೮೮೩ರಲ್ಲಿ ಪ್ರಕಟವಾದ ಅವನ ಆತ್ಮಕಥೆಯನ್ನು ಓದಿದರೆ, ಕಥೆಯ ಹೆಣಿಗೆಗಾಗಿ ಅವನು ಅಷ್ಟಾಗಿ ತಲೆಕೆಡಿಸಿಕೊಂಡವನಲ್ಲವೆಂದು ತಿಳಿಯುತ್ತದೆ. ಅವನ ಲಕ್ಷ್ಯವೆಲ್ಲ ಪಾತ್ರಗಳ ಕಡೆಗೆ. ಹಗಲಿರುಳೂ ಅವರೊಡನೆ ಬಾಳಿ, ಅವರ ಮಾತು, ನಡೆ, ಸಿಟ್ಟು, ಸೆಡವುಗಳನ್ನೆಲ್ಲ ಅರಿತ ಮೇಲೆ, ಇಂಥವನು ಇಂಥ ಸಂದರ್ಭದಲ್ಲಿ ಏನು ಮಾಡಿಯಾನೆಂಬುದು ಅವನಿಗೆ ತಾನಾಗಿ ತಿಳಿಯುತ್ತಿತ್ತು. ನಕ್ಷೆ ಇರಲಿಲ್ಲವೆಂದಲ್ಲ. ಅದು ಕಾಗದದ ಮೇಲಿರಲಿಲ್ಲ, ಪಾತ್ರಗಳ ಸ್ವಭಾವದಲ್ಲಿ ಇತ್ತು. 'ಏಕೆ'ಗೆ ಉತ್ತರವನ್ನು ಡಿಕನ್ಸನು ಹಾಳೆಯಲ್ಲಿ ಹುಡುಕಿದರೆ ಟ್ರಾಲಪ್ಪನು ಮನುಷ್ಯರಲ್ಲಿ ಹುಡುಕಿದನು.

ಇನ್ನು ರಷ್ಯಾ ದೇಶದ ದಾಸ್ತೊವ್‌ಸ್ಕಿಯ ಸಂಗತಿ ಕೇಳಿರಿ. ಸಾಲದಲ್ಲಿ ಮುಳುಗಿದ್ದ ಅವನು ೧೮೬೫ರಲ್ಲಿ ಒಬ್ಬ ಪ್ರಕಾಶಕನೊಡನೆ ಕರಾರು ಮಾಡಿಕೊಂಡನು. ೧೮೬೬ರ ನವೆಂಬರ್ ೧ರೊಳಗೆ ಹೊಸ ಕಾದಂಬರಿಯೊಂದನ್ನು ಕೊಡಬೇಕು. ತಪ್ಪಿದರೆ ಒಂಬತ್ತು ವರ್ಷಗಳವರೆಗೆ ಅವನ ಕೃತಿಗಳನ್ನೆಲ್ಲ ಪ್ರಕಾಶಕನು ಸಂಭಾವನೆಯಿಲ್ಲದೆ ಅಚ್ಚುಹಾಕಿಕೊಳ್ಳಬಹುದು. ಅಕ್ಟೋಬರ್ ಬಂದರೂ ಒಂದು ಪುಟವೂ ಸಿದ್ಧವಾಗಿರಲಿಲ್ಲ. ಆಗ ಅನ್ನಾ ಎಂಬ ಇಪ್ಪತ್ತು ವರ್ಷದ ಶೀಘ್ರಲಿಪಿಗಾರ್ತಿಯನ್ನು ಕರೆಸಿ, ೨೬ ದಿನಗಳಲ್ಲಿ 'ಜೂಜುಗಾರ' ಎಂಬ ಕಾದಂಬರಿಯನ್ನು ಹೇಳಿ ಬರೆಯಿಸಿದನು. ಹಸ್ತಪ್ರತಿಯನ್ನು ಒಪ್ಪಿಸಲು ಹೋದರೆ ಪ್ರಕಾಶಕನು ಊರಲ್ಲಿಲ್ಲ! ಅದನ್ನು ಪೋಲೀಸು ಠಾಣೆಯಲ್ಲಿ ಒಪ್ಪಿಸಿ ರಶೀದಿಯನ್ನು ಪಡೆದು ಅವನು ಪಾರಾದನು. ಮರುವರ್ಷ ಆ ಅನ್ನಾಳೇ ಅವನ ಧರ್ಮಪತ್ನಿಯಾದಳು.

ಇಪ್ಪತ್ತಾರು ದಿನದ ಕಾದಂಬರಿಯೆಂದೊಡನೆ ನಮ್ಮ ಹುಡುಗರಿಗೆ ಸಂತೋಷ. "ನೋಡಿರಿ, ಪರೀಕ್ಷೆಯ ಹಿಂದಿನ ವಾರ ಓದಿದರೂ ಸಾಕು" ಎಂದು ಅವರು ಅಂದುಕೊಳ್ಳಬಾರದು. ಆ ಕಥೆಯ ಬೀಜವು ಮೂರು ವರ್ಷಗಳಷ್ಟು ಹಿಂದಿನದು. ಪರದೇಶದಲ್ಲಿ ಜೂಜಿಗೆ ಬಲಿಯಾದ ರಷ್ಯನ್ನನೊಬ್ಬನ ಕಥೆಯನ್ನು ಬರೆಯಬೇಕೆಂದು ೧೮೬೩ರಲ್ಲಿಯೇ ಅವನು ಗೆಳೆಯನಿಗೆ ಪತ್ರ ಬರೆದಿದ್ದನು. ಸ್ವತಃ ಜೂಜಿನ ಮೇಜಿನ ಮುಂದೆ ಕುಳಿತು ಕಳೆದುಕೊಂಡವನೂ ಹೌದು. ಬರೆದುದು ೨೬ ದಿನ. ಬೆಂದುದು ಮೂರು ವರ್ಷ. ಇದಕ್ಕೆ ಪ್ರತಿಯಾಗಿ, ೧೮೬೭ರಲ್ಲಿ 'ಈಡಿಯಟ್' ಎಂಬ ಕಾದಂಬರಿಗೆ ಅವನು ನಕ್ಷೆಯ ಮೇಲೆ ನಕ್ಷೆಯನ್ನು ಬರೆದು ಟಿಪ್ಪಣಿಯ ಪುಸ್ತಕಗಳನ್ನು ತುಂಬಿಸಿದನು. ಮೊದಲ ಯೋಚನೆಯಲ್ಲಿ ಅದರ ನಾಯಕನು ಗರ್ವಿಷ್ಠ, ಉಗ್ರ. ತಿಂಗಳುಗಟ್ಟಲೆ ದುಡಿದ ಬಳಿಕ, ಆ ವರ್ಷದ ಡಿಸೆಂಬರಿನಲ್ಲಿ, ಬರೆದುದನ್ನೆಲ್ಲ ಬದಿಗೊತ್ತಿ, ಮಗುವಿನಂತೆ ನಿಷ್ಕಪಟಿಯಾದ ಪ್ರಿನ್ಸ್ ಮಿಶ್ಕಿನ್ ಎಂಬವನನ್ನು ನಾಯಕನನ್ನಾಗಿಸಿ ಮೊದಲಿಂದ ಬರೆಯತೊಡಗಿದನು. ಹೊಸ ಕಥೆಯ ಆರಂಭದ ಅಧ್ಯಾಯಗಳು ಕೆಲವೇ ವಾರಗಳಲ್ಲಿ ಸಿದ್ಧವಾದವು. ಬಿಸುಟ ನಕ್ಷೆಗಳು ವ್ಯರ್ಥವಾದವೆ? ಇಲ್ಲ. ಯಾವುದು ತನ್ನ ಕಥೆಯಲ್ಲವೆಂಬುದನ್ನು ಅವು ಅವನಿಗೆ ಕಲಿಸಿದವು.

'ಏಕೆ' ಎಂಬ ಪ್ರಶ್ನೆಯು ಲೇಖಕನನ್ನು ಎಷ್ಟು ದೂರ ಎಳೆದೊಯ್ಯಬಹುದೆಂಬುದಕ್ಕೆ ಟಾಲ್‌ಸ್ಟಾಯನ 'ಯುದ್ಧ ಮತ್ತು ಶಾಂತಿ'ಯೇ ಸಾಕ್ಷಿ. ಅವನು ಬರೆಯಹೊರಟಿದ್ದುದು ೧೮೫೬ರಲ್ಲಿ ಸೈಬೀರಿಯದ ಗಡಿಪಾರಿನಿಂದ ಮುದುಕನಾಗಿ ಮರಳಿದ ಒಬ್ಬ ಕ್ರಾಂತಿಕಾರನ ಕಥೆಯನ್ನು. ಇವನು ಗಡಿಪಾರಾದುದೇಕೆ? ಅದಕ್ಕೆ ೧೮೨೫ರ ದಂಗೆಗೆ ಹೋಗಬೇಕಾಯಿತು. ದಂಗೆ ಎದ್ದವರ ಮನಸ್ಸು ಹಾಗೆ ರೂಪುಗೊಂಡುದೇಕೆ? ಅದಕ್ಕೆ ೧೮೧೨ರಲ್ಲಿ ನೆಪೋಲಿಯನ್ನನು ರಷ್ಯದ ಮೇಲೆ ದಂಡೆತ್ತಿ ಬಂದ ಕಾಲಕ್ಕೆ ಹೋಗಬೇಕಾಯಿತು. ಆ ಗೆಲುವನ್ನು ಮಾತ್ರ ಹೇಳಿ ಅದಕ್ಕೆ ಹಿಂದಿನ ಸೋಲುಗಳನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲವೆಂದು ತೋರಿ, ಇನ್ನೂ ಹಿಂದೆ ಸರಿದು ೧೮೦೫ರಿಂದ ಕಥೆಯನ್ನು ಆರಂಭಿಸಿದನು. ೧೮೬೯ರಲ್ಲಿ ಆ ಬೃಹತ್ಕೃತಿಯು ಮುಗಿದಾಗ, ಗಡಿಪಾರಿನಿಂದ ಮರಳಿದ ಮುದುಕನ ಕಥೆಯು ಮುಗಿಯದೆಯೇ ಉಳಿದಿತ್ತು!

ದೂರದ ದೇಶಗಳ ಮಾತು ಸಾಕು. ನಮ್ಮ ನುಡಿಗೆ ಬರೋಣ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ೧೯೪೧ರಲ್ಲಿ ಪ್ರಕಟವಾಯಿತು. ಅದರ ಸಂವಿಧಾನವು ಹೆಸರಿನಲ್ಲಿಯೇ ಅಡಗಿದೆ. ಮರಳಬೇಕಾದರೆ ಮೊದಲು ಬಿಟ್ಟು ಹೋಗಿರಬೇಕು. ಬಿಟ್ಟು ಹೋಗಬೇಕಾದರೆ ಮೊದಲು ಅಲ್ಲಿ ಬಾಳಿರಬೇಕು. ಆದುದರಿಂದ ಕಡಲ ಕರೆಯ ಒಂದು ಮನೆಯ ಮೂರು ತಲೆಮಾರುಗಳು ಅದಕ್ಕೆ ಬೇಕಾದವು. ಮಣ್ಣಿನಲ್ಲಿ ದುಡಿದ ರಾಮ ಐತಾಳರ ತಲೆಮಾರು, ಇಂಗ್ಲಿಷ್ ಕಲಿತು ಮನೆಯ ದಾರಿಯನ್ನು ತಪ್ಪಿದ ಲಚ್ಚನ ತಲೆಮಾರು, ತಿರುಗಿ ಆ ಮಣ್ಣಿಗೆ ಬರುವ ಮೊಮ್ಮಗ ರಾಮನ ತಲೆಮಾರು. ಇವುಗಳಲ್ಲಿ ನಡುವಿನದನ್ನು ತೆಗೆದುಹಾಕಿ ನೋಡಿರಿ. 'ಮರಳಿ' ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ.

ಇನ್ನೊಂದು ನಿದರ್ಶನವು ನಮ್ಮ ಕಾಸರಗೋಡು ಜಿಲ್ಲೆಯ ಮಣ್ಣಿನದೇ. ೧೯೪೧ರ ಮಾರ್ಚಿಯಲ್ಲಿ ಕಯ್ಯೂರಿನಲ್ಲಿ ರೈತರ ಮೆರವಣಿಗೆಗೆ ಎದುರಾದ ಪೋಲೀಸನೊಬ್ಬನು ಹೊಳೆಯಲ್ಲಿ ಮುಳುಗಿ ಸತ್ತನು. ಆ ಮೊಕದ್ದಮೆಯಲ್ಲಿ ನಾಲ್ವರು ಯುವಕರನ್ನು ೧೯೪೩ರ ಮಾರ್ಚಿ ೨೯ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅಂದು ಕಯ್ಯೂರು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿತ್ತು. ಹುಡುಗತನದಲ್ಲಿ ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದ ನಿರಂಜನರು ಈ ಘಟನೆಯನ್ನು ಆಧರಿಸಿ 'ಚಿರಸ್ಮರಣೆ' ಎಂಬ ಕಾದಂಬರಿಯನ್ನು ಬರೆದರು. ಅದು ೧೯೫೫ರಲ್ಲಿ ಹೊರಬಂದಿತು. ಮಲೆಯಾಳ ಮಾತನಾಡುವ ಹಳ್ಳಿಯೊಂದರ ಬಾಳು ಕನ್ನಡದ ಕಾದಂಬರಿಯಾಯಿತು. ಆ ಮೇಲೆ ಮಲೆಯಾಳಕ್ಕೆ ಅನುವಾದವಾಗಿ ಅಲ್ಲಿಯೂ ಜನರು ಅದನ್ನು ಆದರದಿಂದ ಓದಿದರು.

ಇಲ್ಲಿ ಲೇಖಕರ ಎದುರಿಗಿದ್ದ ಕಷ್ಟವನ್ನು ಯೋಚಿಸಿರಿ. ಕೊನೆಯು ಚರಿತ್ರೆಯಲ್ಲಿ ಬರೆದುಹೋಗಿತ್ತು. ಅದನ್ನು ತಿದ್ದುವ ಅಧಿಕಾರವು ಅವರಿಗಿರಲಿಲ್ಲ. ಓದುಗನಿಗೂ ಅದು ತಿಳಿದದ್ದೇ. "ಮುಂದೇನು?" ಎಂಬ ಕುತೂಹಲವನ್ನು ನೆಚ್ಚಿಕೊಂಡು ಕಥೆಯನ್ನು ನಡೆಸುವಂತಿರಲಿಲ್ಲ. ಅವರ ಕೈಯಲ್ಲಿ ಉಳಿದುದು 'ಏಕೆ' ಎಂಬುದೊಂದೇ. ಗೇಣಿ ಒಕ್ಕಲಿನ ಬಾಳು ಹೇಗಿತ್ತು, ಜಮೀನ್ದಾರರ ದರ್ಪ ಎಷ್ಟಿತ್ತು, ಊರಿನ ಮಾಸ್ತರರಿಂದ ಲೋಕವನ್ನು ಅರಿಯುತ್ತಿದ್ದ ಅಪ್ಪು, ಚಿರುಕಂಡ ಮೊದಲಾದ ಹುಡುಗರು ಎಂಥವರು ಎಂಬುದನ್ನು ಅವರು ಒಂದೊಂದಾಗಿ ಕಾಣಿಸಿದರು. ಹೀಗೆ ಮನೆಯ ಮಕ್ಕಳಂತೆ ಪರಿಚಯವಾದವರು ಕೊನೆಗೆ ನೇಣಿನ ಕಡೆಗೆ ನಡೆಯುವಾಗ, ವರ್ತಮಾನ ಪತ್ರಿಕೆಯ ಎರಡು ಸಾಲಿನ ಸುದ್ದಿಯು ನಮ್ಮ ಎದೆಯ ಸಂಕಟವಾಗುತ್ತದೆ.

ಕೊನೆ ತಿಳಿದ ಕಥೆಯಲ್ಲಿ ಸ್ವಾರಸ್ಯವೇನೆಂದು ಬೇರೆ ಯಾರಾದರೂ ಕೇಳಿಯಾರು, ತಾಳಮದ್ದಳೆಯ ನಾಡಿನವರಾದ ನಾವು ಕೇಳಬಾರದು. ವಾಲಿಯು ಸಾಯುವನೆಂಬುದು ಜಗಲಿಯಲ್ಲಿ ಕುಳಿತ ಮಗುವಿಗೂ ಗೊತ್ತು. ಆದರೂ ನಿದ್ದೆಗೆಟ್ಟು ಕುಳಿತುಕೊಳ್ಳುತ್ತೇವೆ. ಬಾಣ ತಗಲಿದ ವಾಲಿಯು ರಾಮನನ್ನು ಏನು ಕೇಳುವನು, ರಾಮನು ಏನು ಹೇಳುವನು ಎಂಬುದಕ್ಕಾಗಿ ಕಾಯುತ್ತೇವೆ. ಭಾಗವತರ ಪ್ರಸಂಗದಲ್ಲಿ ಪದ್ಯಗಳ ಕ್ರಮವು ಗೊತ್ತಾಗಿದೆ. ಅರ್ಥಧಾರಿಯು ಅದನ್ನು ಮೀರುವಂತಿಲ್ಲ. ಆದರೆ ಅರ್ಥವನ್ನು ಅವನಿಗೆ ಯಾರೂ ಬರೆದುಕೊಟ್ಟಿಲ್ಲ. ಎದುರಾಳಿಯ ಮಾತಿಗೆ ತಕ್ಕಂತೆ ಆ ಗಳಿಗೆಯಲ್ಲಿ ಹುಟ್ಟಬೇಕು. ಪ್ರಸಂಗವನ್ನು ಅರಿಯದವನ ಅರ್ಥವು ಹಾದಿ ತಪ್ಪುತ್ತದೆ. ಪ್ರಸಂಗವನ್ನಷ್ಟೇ ಅರಿತವನು ಪದ್ಯದ ಅನುವಾದವನ್ನು ಒಪ್ಪಿಸಿ ಸುಮ್ಮನಾಗುತ್ತಾನೆ. ಕಾದಂಬರಿಕಾರನ ಯೋಜನೆಯು ಪ್ರಸಂಗವಿದ್ದಂತೆ, ಬರವಣಿಗೆಯು ಅರ್ಥವಿದ್ದಂತೆ. ಎರಡೂ ಬೇಕು. ನಾನು ಮೊದಲು ಹೇಳಿದ ವಿದ್ಯಾರ್ಥಿಗಳ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರವು ನನಗೆ ತೋರದು.

ಇನ್ನು, ವಿದ್ಯಾರ್ಥಿಗಳೆ, ನಿಮ್ಮ ಕೆಲಸದ ಮಾತು. ನೀವು ಬರೆದುಕೊಡುವ ಕಥೆಗಳಲ್ಲಿ ನಾಯಕನು ಕಾಡಿನಲ್ಲಿ ಹುಲಿಯ ಎದುರಿಗೆ ನಿಲ್ಲುತ್ತಾನೆ, ಕಳ್ಳರ ಗುಹೆಯನ್ನು ಹೊಗುತ್ತಾನೆ, ಹಡಗು ಒಡೆದು ನಡುಗಡಲಲ್ಲಿ ತೇಲುತ್ತಾನೆ. ಕೊನೆಗೆ ಅಮ್ಮನು ಕರೆದಾಗ ಥಟ್ಟನೆ ಎಚ್ಚರವಾಗುತ್ತದೆ, ಅದೆಲ್ಲವೂ ಕನಸು! ಹೀಗೇಕೆ ಆಗುತ್ತದೆ? ಹೊಗುವ ದಾರಿಯನ್ನು ಯೋಚಿಸಿ ಹೊರಡುವ ದಾರಿಯನ್ನು ಯೋಚಿಸದೆ ಇದ್ದುದರಿಂದ. ಮುಂದಿನ ಸಲ ಮೂರು ಕೆಲಸ ಮಾಡಿರಿ. ಬರೆಯುವ ಮೊದಲು ಕಥೆಯ ಕೊನೆಯನ್ನು ಒಂದು ಚೀಟಿಯಲ್ಲಿ ಒಂದೇ ವಾಕ್ಯವಾಗಿ ಬರೆದಿಟ್ಟುಕೊಳ್ಳಿರಿ. ಒಂದು ಘಟನೆಗೂ ಮುಂದಿನ ಘಟನೆಗೂ ನಡುವೆ 'ಏಕೆ' ಎಂದು ಬರೆದು ಅದಕ್ಕೆ ಉತ್ತರವನ್ನು ಕೊಡಿರಿ. ಮೂರನೆಯದಾಗಿ, ಬರೆಯುತ್ತಿರುವಾಗ ನಿಮ್ಮ ಕಥೆಯ ಮನುಷ್ಯನು "ನಾನು ಹಾಗೆ ಮಾಡುವವನಲ್ಲ" ಎಂದು ಹೇಳಿದಂತೆ ತೋರಿದರೆ, ಅವನ ಮಾತನ್ನು ಕೇಳಿರಿ. ಚೀಟಿಯನ್ನು ಹರಿದು ಹೊಸದೊಂದನ್ನು ಬರೆಯಿರಿ.

ತಾಯಿತಂದೆಗಳಲ್ಲಿಯೂ ಒಂದು ವಿಜ್ಞಾಪನೆ. ಮಗುವಿನ ಕೈಯಲ್ಲಿ ಕಾದಂಬರಿಯನ್ನು ಕಂಡೊಡನೆ "ಇದು ಪರೀಕ್ಷೆಗೆ ಉಂಟೆ?" ಎಂದು ಕೇಳುವುದು ನಮ್ಮ ಮನೆಗಳಲ್ಲಿ ರೂಢಿ. ಅದರ ಬದಲು "ಅವನು ಹಾಗೇಕೆ ಮಾಡಿದನು?" ಎಂದು ಒಮ್ಮೆ ಕೇಳಿ ನೋಡಿರಿ. ಪುಸ್ತಕದೊಳಗಿನ ಮನುಷ್ಯನ ವಿಷಯದಲ್ಲಿ 'ಏಕೆ' ಎಂದು ಕೇಳಲು ಕಲಿತ ಮಗುವು, ನಾಳೆ ನೆರೆಮನೆಯವನ ವಿಷಯದಲ್ಲಿಯೂ ತೀರ್ಪು ಕೊಡುವ ಮೊದಲು 'ಏಕೆ' ಎಂದು ಕೇಳುತ್ತದೆ. ಪರೀಕ್ಷೆಯ ಅಂಕಗಳಿಂದ ಬಾರದ ವಿವೇಕವಿದು.

ಮತ್ತೊಂದು ಕಾರಣಕ್ಕಾಗಿಯೂ ಇದು ನಮಗೆ ಅವಶ್ಯ. ನಮ್ಮ ಒಂದೊಂದು ಮನೆಯಲ್ಲಿಯೂ ಒಂದು ಕಾದಂಬರಿಯುಂಟು. ಒಬ್ಬರ ಅಜ್ಜನು ಹನ್ನೆರಡನೆಯ ವಯಸ್ಸಿನಲ್ಲಿ ಬೊಂಬಾಯಿಯ ಹೋಟೆಲಿಗೆ ಹೋದನು. ಇನ್ನೊಬ್ಬರ ಮಾವನು ಕೊಲ್ಲಿ ದೇಶಕ್ಕೆ ಹೋದವನು ಹತ್ತು ವರ್ಷ ಬರಲಿಲ್ಲ. ಮತ್ತೊಬ್ಬರು ತಲೆಮಾರುಗಳ ಅಡಿಕೆತೋಟವನ್ನು ಮಾರಿದರು. ಹೋದರು, ಬಂದರು, ಮಾರಿದರು ಎಂಬ ಸಂಗತಿಗಳನ್ನು ನೀವೆಲ್ಲರೂ ಬಲ್ಲಿರಿ. ಏಕೆ ಹೋದರು, ಏಕೆ ಮಾರಿದರು ಎಂಬುದು ಅಜ್ಜಿಗೆ ಮಾತ್ರ ಗೊತ್ತು. ಆಕೆಯು ಅದನ್ನು ಹೇಳುವುದು ಮನೆಮಾತಿನಲ್ಲಿ. ಆಕೆ ಇರುವಾಗಲೇ ಕೇಳಿ ಬರೆದಿಡದಿದ್ದರೆ ಘಟನೆಗಳು ಉಳಿದಾವು, ಕಾರಣಗಳು ಅಳಿದಾವು. ಕಥೆ ಉಳಿದೀತು, ಸಂವಿಧಾನವು ಹೋದೀತು. ಬರುವ ರಜೆಯಲ್ಲಿ ನೀವು ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರ ಬಳಿ ಕುಳಿತು, ಒಂದು 'ಏಕೆ'ಯನ್ನಾದರೂ ಕೇಳಿ, ಅವರು ಹೇಳಿದುದನ್ನು ನೋಟುಪುಸ್ತಕದಲ್ಲಿ ಬರೆದು ತನ್ನಿರಿ. ಅವುಗಳಲ್ಲಿ ಒಳ್ಳೆಯವನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿಯೇ ಅಚ್ಚುಮಾಡೋಣ.